ಪಟ್ಟಿಯೊಳಗಿನ ಜಾಗ

ಪಟ್ಟಿ ಬಂತು. ಆರುನೂರಾ ಹದಿನಾಲ್ಕು ನಾನು.
ಒಂದೇ ದಿನ ಸೇರಿದವರು ಹದಿನಾರು ಮಂದಿ,
ವಯಸ್ಸಿಗೆ ಎಲ್ಲಾರಕಿಂತ ಸಣ್ಣಾಕಿ, ಹಂಗಾಗಿ ಕಡೀಕ.
ದೀಪಾವಳಿ ರಜಾ ನನ್ನತನಕ ಬರೂದಿಲ್ಲ,
ಎಡಗಡೆ ಸೀಟಂತೂ ದೂರದ ಮಾತು.

ಅಪ್ಪ ಫೋನಿನ್ಯಾಗ ನಕ್ಕ:
'ನಮ್ಮ ಡಿಪೋ ಗ್ವಾಡಿಗೂ ಹಚ್ಚತಿದ್ರಲ್ಲವಾ ಇಂಥಾದ್ದ.
ಹನ್ನೊಂದು ವರ್ಷ ಕಣಕುಂಬಿ ನೈಟ್ ಹಾಲ್ಟ್.
ಭರಮಾ ರಿಟೈರಾದ ಮ್ಯಾಲೆ ಪುಣೆ ರೂಟು ಸಿಕ್ತು,
ಸೀಟಿನ ತೆಗ್ಗು ಮಾತ್ರ ಭಾಳ ದಿನ ಅವನ ಅಳತೀದ ಇತ್ತು.'

ಇವತ್ತ ಮುಂಜಾನೆ ಮತ್ತ ತೆಗೆದು ನೋಡಿದೆ:
ಆರುನೂರಾ ಹದಿಮೂರು.
ಯಾರೂ ಹೇಳಲಿಲ್ಲ. ಕ್ಯಾಪ್ಟನ್ ಮುಲ್ಲಾರ ಹೆಸರಿಲ್ಲ.
ಮೆಡಿಕಲ್‌ನ್ಯಾಗ ಕಿವಿ ಕೈಕೊಟ್ಟಿತಂತ.
'ಗಾಳಿ ಜೋಡಿ ಜಗಳಾಡಬ್ಯಾಡ, ಪಾದದಿಂದ ಕೇಳು' ಅಂತ
ಸಾಂಬ್ರಾದ ಅಡ್ಡಗಾಳಿಯೊಳಗ
ವಿಮಾನ ನನ್ನ ಕೈಯಾಗ ಬಿಟ್ಟು
ತಮ್ಮ ಕೈ ತೊಡಿಮ್ಯಾಲಿಟ್ಟು ಕುಂತಿದ್ದರು ಅವರು.

ಒಂದು ಮೆಟ್ಟಲಾ ಏರಿದೆ ಅಂತ
ಅಪ್ಪಗ ಹೇಳಲಿಲ್ಲ.

ಸಂಜಿಗೆ ಸಾಂಬ್ರಾಕ್ಕ ಹೊಂಟಿವಿ.
ಹೊಸ ಕ್ಯಾಪ್ಟನ್ ಬಂದು ಎಡಗಡೆ ಸೀಟು
ಕರಕರ ಮುಂದಕ್ಕೆಳಕೊಂಡರು.
ಮುಲ್ಲಾ ಸಾಹೇಬರ ಕಾಲು ಉದ್ದ ಇದ್ದವು.