ತಿಂಗಳ ಮೊದಲ ಹದಿನೈದು ದಿನ

ಮೀಟರ್ ಪೆಟ್ಟಿಗೆಯಲ್ಲಿ ಜನ ಏನೇನು ಇಡುತ್ತಾರೆ ಗೊತ್ತೆ?
ಹಾಲಿನ ಚೀಟಿ, ಅರ್ಧ ಸುಟ್ಟ ಊದುಬತ್ತಿ,
ಕರೆಂಟು ಹೋದರೆ ಇರಲಿ ಅಂತ ಒಂದು ಮೇಣದಬತ್ತಿ,
ಯಾವ ಬಾಗಿಲಿಗೂ ಹೊಂದದ ಚಿಲಕ.
ಚಾಮುಂಡಿಪುರದ ವಠಾರದಲ್ಲಿ
ಸಾಲಾಗಿ ಎಂಟು ಮೀಟರು, ಹಿಂದೆ ಹಲ್ಲಿಯ ಮೊಟ್ಟೆ,
ಬಿಳಿ ಬಟಾಣಿಯಂಥವು, ಎರಡು.
ಎಂಟೂ ಮನೆಯವರು ಅದು ಪಕ್ಕದ ಮೀಟರಿನದು ಎನ್ನುತ್ತಾರೆ.

ಮತ್ತೆ, ಬೀಗದ ಕೈ.
ನೂರಕ್ಕೆ ನಲವತ್ತು ಮನೆಗಳದ್ದು ಅಲ್ಲೇ.
"ಇಲ್ಲಿಡಬೇಡಿ ತಾಯಿ, ಎಲ್ಲರಿಗೂ ಗೊತ್ತಿರೋ ಜಾಗ"
ಎಂದರೆ ಪದ್ಮಾಂಬ ನಕ್ಕರು:
"ಗೊತ್ತಿರಲಿ ಅಂತಲೇ ಕಣಪ್ಪ ಇಟ್ಟಿರೋದು."

ಬೆಳಿಗ್ಗೆ ಏಳೂಕಾಲರ ಗಾಡಿ, ಪಾಂಡವಪುರದಲ್ಲಿ ಹತ್ತುತ್ತೇನೆ.
ಸೀಟು ಸಿಗುವುದಿಲ್ಲ, ಬಾಗಿಲು ಸಿಗುತ್ತದೆ.
ಪಾಸಿನವರು ಸೂಟ್‌ಕೇಸಿನ ಬೆನ್ನ ಮೇಲೆ ಇಸ್ಪೀಟು ಹಾಕುತ್ತಾರೆ.
ಬ್ಯಾಂಕಿನ ಜವಾನ ಪುಟ್ಟಲಿಂಗು ದಿನಾ ಸೋಲುತ್ತಾನೆ,
ದಿನಾ ಎಲೆ ಕಲಸುವವನೂ ಅವನೇ.
ಶ್ರೀರಂಗಪಟ್ಟಣದ ಸೇತುವೆ ಬಂದಾಗ ಮಾತ್ರ
ಬೋಗಿಯ ಮಾತೆಲ್ಲ ಅರ್ಧಕ್ಕೆ ನಿಂತು
ಕತ್ತುಗಳು ನೀರಿನ ಕಡೆ ಹೊರಳುತ್ತವೆ.
ಬಂಡೆ ಎಷ್ಟು ಕಾಣುತ್ತಿದೆ, ಎಷ್ಟು ಮುಳುಗಿದೆ.
ಇದಕ್ಕೆ ಸರಕಾರ ಯಾರನ್ನೂ ನೇಮಿಸಿಲ್ಲ,
ಎಲ್ಲರೂ ರೀಡಿಂಗ್ ತಗೊಳ್ಳುತ್ತಾರೆ.
"ಕಟ್ಟೆ ನೂರಾ ಹನ್ನೆರಡಂತೆ."
"ಹದಿಮೂರು ಅಂದ್ರಲ್ಲ?"
"ಅದು ನಿನ್ನೆ."
ಎಲೆ ಬೀಳುತ್ತದೆ ಮತ್ತೆ.

ನನಗೆ ಗೊತ್ತಾಗುವುದು ಅಂಕಿಯಲ್ಲಿ.
ಲಷ್ಕರ್ ಮೊಹಲ್ಲಾದ ನೂರ್ ಆಯಿಷಾರ ಮನೆಯಲ್ಲಿ
ರಂಜಾನಿಗೆ ಮುಂಚೆ ಏರಿ ಹಬ್ಬದ ನಂತರ ಇಳಿಯುತ್ತದೆ
ಹೊಲಿಗೆ ಯಂತ್ರದ ಮೋಟಾರು.
ಎದುರುಮನೆಯಲ್ಲಿ ಮಗು ಹುಟ್ಟಿದ್ದನ್ನು ನನಗೆ ಹೇಳಿದ್ದು ಬಿಸಿನೀರು.
ನಾಯಿಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಈಗೀಗ ಯಂತ್ರ ಸೊನ್ನೆಯನ್ನೇ ಹೆಚ್ಚು ಮುದ್ರಿಸುತ್ತದೆ.
ಆದರೂ ಕೇಳುತ್ತಾರೆ, "ಎಷ್ಟು ಬಂತು?"
ಸೊನ್ನೆ ಎಂದರೆ ಕೆಲವರ ಮುಖ ಸಪ್ಪಗಾಗುತ್ತದೆ,
ತಿಂಗಳಿಗೊಮ್ಮೆ ಬೈಯಲು ನಾನಾದರೂ ಇದ್ದೆ.
ಅಶೋಕಪುರಂನ ಚಿಕ್ಕತಾಯಮ್ಮ ಆ ಬಿಲ್ಲುಗಳನ್ನು
ಅಕ್ಕಿ ಡಬ್ಬದ ಅಡಿ ಜೋಡಿಸಿಟ್ಟಿದ್ದಾಳೆ.
"ಅದ್ಯಾಕಜ್ಜಿ?"
"ನಾಳೀಕೆ ಇಲ್ಲ ಅಂದ್ರೆ ತೋರ್ಸಕ್ಕೆ ಬ್ಯಾಡ್ವಾ?"
ಆರು ತಿಂಗಳಿಗೆ ಆ ಕಾಗದ ಬೆಳ್ಳಗಾಗುತ್ತದೆ,
ಸೊನ್ನೆಯೂ ಉಳಿಯುವುದಿಲ್ಲ ಎಂದು
ನಾನು ಹೇಳಲಿಲ್ಲ.

ಸರಸ್ವತೀಪುರಂನಲ್ಲಿ ಒಂದು ಮನೆ, ದೀಪಾವಳಿಯಿಂದ ಬೀಗ.
ಗೇಟಿನ ಸಂದಿಯಲ್ಲಿ ಕೈ ತೂರಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು, ಓದುತ್ತೇನೆ.
ತಿಂಗಳಿಗೆ ನಾಲ್ಕು ಯೂನಿಟ್ಟು.
ಯಾರೋ ಆರಿಸಲು ಮರೆತ ಐದು ವ್ಯಾಟಿನ ಬಲ್ಬು
ಹಗಲೂ ರಾತ್ರಿ ಉರಿಯುತ್ತಿರಬೇಕು,
ದೇವರ ಮುಂದೋ, ಬಚ್ಚಲಲ್ಲೋ.
ಮೀಟರಿನ ಕೆಂಪು ಚುಕ್ಕಿ ಒಮ್ಮೆ ಮಿಟುಕಿದರೆ
ಇನ್ನೊಮ್ಮೆ ಮಿಟುಕಲು ಒಂದು ಬೀಡಿ ಸೇದುವಷ್ಟು ಹೊತ್ತು.
ನಿಂತು ಕಾಯುವುದು ಕೆಲಸದ ಭಾಗವಲ್ಲ.
ಕಾಯುತ್ತೇನೆ.

ನಮ್ಮ ಮನೆಯ ಮೀಟರು ಓದುವವನು ಶಿವಮಾದು.
ಅವನು ಬಂದ ದಿನ ನಾನು ಮನೆಯಲ್ಲಿದ್ದದ್ದೇ ಇಲ್ಲ.
ನಮ್ಮ ಬೀಗದ ಕೈ ಎಲ್ಲಿದೆ ಎಂದು ಅವನಿಗೂ ಗೊತ್ತು:
ಗಾರ್ಮೆಂಟ್ಸಿನ ವ್ಯಾನು ಹತ್ತುವ ಮುಂಚೆ
ಜಯಶೀಲ ಅಲ್ಲೇ ಇಟ್ಟು ಹೋಗುತ್ತಾಳೆ.
ಊರಿಗೆಲ್ಲ ಹೇಳಿದ ಬುದ್ಧಿ ನಮ್ಮ ಗೋಡೆಯ ತನಕ ಬಂದಿಲ್ಲ.
ಪಡುವಲ ಬಿಸಿಲಿಗೆ ಪೆಟ್ಟಿಗೆ ಕಾದು
ಸಂಜೆ ಆರಕ್ಕೂ ಆ ಕೈ ಬೆಚ್ಚಗಿರುತ್ತದೆ,
ಇಷ್ಟು ಹೊತ್ತೂ ಯಾರೋ ಹಿಡಿದುಕೊಂಡಿದ್ದ ಹಾಗೆ.

ಇವತ್ತು ತಡವಿದೆ, ಇರಲಿಲ್ಲ.
ಮತ್ತೆ ತಡವಿದೆ. ಧೂಳು, ಒಂದು ಸೇಫ್ಟಿ ಪಿನ್ನು.
ಗಾಬರಿಯಾಗಬೇಕು, ಅಷ್ಟರಲ್ಲಿ
ಅಭ್ಯಾಸಕ್ಕೆ ಕಣ್ಣು ಅಂಕಿಯ ಪಕ್ಕ ಹೋಯಿತು.
ಕೆಂಪು ಚುಕ್ಕಿ ಉಸಿರು ಬಿಡದೆ ಮಿಟುಕುತ್ತಿತ್ತು.
ಬಕೆಟ್ಟಿಗೆ ಕಾಯಿಲು ಹಾಕಿದ್ದಾಳೆ,
ಸಾವಿರದ ಐನೂರು ವ್ಯಾಟು.
ಮೈಕೈ ನೋವೋ, ವ್ಯಾನೇ ಬೇಗ ಬಿಟ್ಟಿತೋ.

ಚಪ್ಪಲಿ ಬಿಟ್ಟೆ.