ಗೆರೆಯ ಈಚೆ

ಗುರುವಾರ ನೈಟ್ರೋಜನ್ ತುಂಬುವುದು ನನ್ನ ಕೆಲಸ.
ಇಪ್ಪತ್ತೆಂಟು ವರ್ಷ ತುಂಬಿದ್ದೇನೆ, ಟಾಲಿನ್ನಿನ ಈ ನೆಲಮಾಳಿಗೆಯಲ್ಲಿ,
ಮೇಲೆ ಟ್ರಾಮು ಹಿಮ ಅರೆಯುತ್ತ ತಿರುಗುವ ಸದ್ದಿಗೆ.
ಅಷ್ಟೂ ವರ್ಷ ಹಿಲ್ಯಾ ಪೆಟ್ರಿಕ್ ನನಗಿಂತ ಮೊದಲು ಬಂದಿರುತ್ತಿದ್ದರು:
ಬಾಗಿಲ ಬಳಿಯ ಬೋಗುಣಿಯಲ್ಲಿ ಅವರ ಗಡಿಯಾರ, ಬೀಗದಕೈ,
ತಲೆಯ ಪಿನ್ನು ಮೂರು.

ಹಿಲ್ಯಾ ಅಂದರೆ ನಮ್ಮ ಮಾತಿನಲ್ಲಿ ‘ತಡವಾಗಿ’.
ಅವರೇ ಹೇಳಿ ನಗುತ್ತಿದ್ದರು.

ಮೊದಲ ಸುರುಳಿಯನ್ನು ಕೈಯಲ್ಲೇ ಸುತ್ತಿದರಂತೆ,
ದಬ್ಬಣದ ಮೊನೆಗೆ ತಾಮ್ರದ ಎಳೆ, ಭೂತಗನ್ನಡಿ ಹಿಡಿದು.
ಮಾಸ್ಕೋದಿಂದ ಬಂದ ಅಧಿಕಾರಿ ಕೇಳಿದನಂತೆ:
ಲಿಥಿಯಮ್ಮಿಗೆ ಕಿವಿಗೊಟ್ಟು ಏನು ಲಾಭ, ಕಾಮ್ರೇಡ್?
ಇನ್ನೂ ಗೊತ್ತಿಲ್ಲ, ಅದು ಮಾತು ಮುಗಿಸಿಲ್ಲ.

ಬೆಂಕಿಕಡ್ಡಿಯ ತುಂಡಿನಷ್ಟು ಕೊಳವೆ, ಒಳಗೆ ಬ್ಯಾಟರಿಯ ಕಪ್ಪು ಪುಡಿ.
ಅಯಸ್ಕಾಂತದ ಹೊಟ್ಟೆಯಲ್ಲಿ ಓರೆಯಾಗಿ ಕೂರಿಸಿ
ಗಾಳಿ ಊದಿದರೆ ಬುಗುರಿ,
ಸೆಕೆಂಡಿಗೆ ಮೂವತ್ತು ಸಾವಿರ ಸುತ್ತು, ಸಣ್ಣ ಸೀಟಿ.
ಓರೆ ಕೂದಲೆಳೆ ತಪ್ಪಿದರೆ ಮೀನುಪೇಟೆಯ ಗದ್ದಲ.
ಸರಿಯಾಗಿ ಕೂತಿತೋ,
ಕಣಗಳು ಒಂದೊಂದೇ ಮನೆಯ ವಿಳಾಸ ಹೇಳುತ್ತವೆ:
ನಾನು ಪದರದ ನಡುವೆ,
ನಾನು ದಾರಿಯಲ್ಲೇ ಸಿಕ್ಕಿಕೊಂಡೆ,
ನಾನು ಹಾವಸೆಯಾಗಿ ಬೆಳೆದೆ, ಇನ್ನು ಮರಳಲಾರೆ.

ಸಿಡಿದ ಕೊಳವೆಗಳನ್ನು ಅವರು ಎಸೆಯಲಿಲ್ಲ.
ಜಾಮಿನ ಸೀಸೆಯಲ್ಲಿ ಇಟ್ಟರು, ಬಿಳಿ ಚೂರು,
ಯಾವ ಮಗುವಿನದೋ ಹಾಲುಹಲ್ಲಿನ ಹಾಗೆ.

ನಲವತ್ತನೇ ಚಾರ್ಜಿಗೆ ಸಾಯುವ ಒಂದೇ ಒಂದು ಪುಡಿಯ ಹಿಂದೆ
ಹನ್ನೊಂದು ವರ್ಷ ಹೋಯಿತು.
ಯಾಕೆ ಸಾಯುತ್ತದೆಂದು ಕೊನೆಗೂ ಕಂಡು, ಬರೆದು,
ಲಕೋಟೆ ಅಂಟಿಸುವ ವಾರ
ಕೊರಿಯಾದ ಹುಡುಗರು ಅದನ್ನೇ ಅಚ್ಚು ಹಾಕಿಸಿದ್ದರು.
ಓದಿದರು, ಕೊನೆಯ ಪುಟದವರೆಗೆ.
‘ಉತ್ತರ ಸರಿಯಿದೆ’ ಅಂದರು. ‘ಬೇರೆ ಬಾಯಲ್ಲಿ ಬಂತು, ಅಷ್ಟೆ.’
ಆಮೇಲೆ ಕ್ಯಾಂಟೀನಿಗೆ ಹೋಗಿ ಹೆರಿಂಗ್ ಮೀನು, ಕಪ್ಪು ರೊಟ್ಟಿ,
ಎರಡು ಸಲ ಬಡಿಸಿಕೊಂಡು ತಿಂದರು.
ನಾನು ಎದುರಿಗೆ ಕೂತಿದ್ದೆ. ಏನೂ ಹೇಳಲು ತೋಚಲಿಲ್ಲ.

ಕಳೆದ ಶರತ್ಕಾಲ ಟ್ರಾಮಿನ ಮೆಟ್ಟಿಲಲ್ಲಿ ಬಿದ್ದರು.
ಈಗ ಕೊರಳೆಲುಬಿನ ಕೆಳಗೆ ಒಂದು ಪುಟ್ಟ ಪೆಟ್ಟಿಗೆ,
ಮರೆತ ಎದೆಗೆ ಬಡಿತ ನೆನಪಿಸಲು.
ಅದರೊಳಗೆ ಲಿಥಿಯಂ.

ಇವತ್ತು ಬಂದಿದ್ದರು.
ಬೋಗುಣಿಯಲ್ಲಿ ಗಡಿಯಾರ, ಬೀಗದಕೈ, ಪಿನ್ನು ಇಟ್ಟರು, ಅಭ್ಯಾಸಬಲ.
ತೆಗೆದಿಡಲಾಗದ್ದು ಒಳಗೇ ಇತ್ತು.
ಅವರೇ ಬಳಿದ ಕೆಂಪು ಗೆರೆಯ ಈಚೆ ನಿಂತರು,
ಬೂಟಿನ ತುದಿ ಗೆರೆಗೆ ತಾಗಿಸಿ.

ಬಾಗಿಲು ಪೂರ್ತಿ ತೆರೆದಿಟ್ಟು ನಾನು ಬುಗುರಿ ಬಿಟ್ಟೆ.
ಕಣ್ಣು ಮುಚ್ಚಿ ಕೇಳಿದರು. ‘ಓಲಾಡುತ್ತಿದೆ. ಗಾಳಿ ತುಸು ತಗ್ಗಿಸು.’
ತಗ್ಗಿಸಿದೆ. ಸೀಟಿ ನೆಟ್ಟಗಾಯಿತು.
ನೈಟ್ರೋಜನ್ನಿನ ಬಿಳಿ ಹಬೆ ನೆಲದ ಮೇಲೆ ಹರಿದು
ಗೆರೆ ದಾಟಿ ಅವರ ಕಾಲವರೆಗೂ ಹೋಯಿತು.

ಪಿನ್ನು ಮುಡಿಯುತ್ತ, ಹೊರಡುವಾಗ:
‘ಹತ್ತು ವರ್ಷ ಬಾಳಿಕೆ ಬರುತ್ತದಂತೆ ಇದು.
ಯಾರು ಅಳೆದರೋ, ಹೇಗೆ ಅಳೆದರೋ.’