ಅಂತೆ

ಲಗ್ಗೆರೆಯ ಕಲ್ಯಾಣ ಮಂಟಪದಲ್ಲಿ
ಮುಯ್ಯಿ ಓದುತ್ತಿದ್ದವರು ನಮ್ಮ ಸೋದರಮಾವ ಗಂಗಹನುಮಯ್ಯ.
ಕೈಯಲ್ಲಿ ಚೀಟಿ, ಬಾಯಿಗೆ ಮೈಕು,
ನಡುವೆ ತಡೆ ಅನ್ನುವುದು ಕನ್ನಡಕ ಒಂದೇ.

ಪೀಣ್ಯ ಎರಡನೇ ಹಂತದ ಲೇತ್ ಕೆಂಪಯ್ಯನವರಿಂದ
ನೂರಾ ಒಂದು ರೂಪಾಯಿ.
ಕಾಮಾಕ್ಷಿಪಾಳ್ಯದ ಸಾವಂತ್ರಮ್ಮನವರಿಂದ
ಒಂದು ಸ್ಟೀಲ್ ಕೊಳಗ, ಮುಚ್ಚಳ ಸಮೇತ.
ದಾಸರಹಳ್ಳಿ ಗೆಳೆಯರ ಬಳಗದಿಂದ ಐನೂರಾ ಒಂದು
ಎಲ್ಲರೂ ಊಟಕ್ಕೆ ಏಳಿ ಎಲೆ ಹಾಕಿದೆ.

ಇನ್ನೂರು ಕುರ್ಚಿ ಒಟ್ಟಿಗೆ ಕಿರ್ರೆಂದವು.
ಕೆಳಗೆ ಅಡುಗೆಯವರು ಇನ್ನೂ ಅನ್ನ ಬಸಿಯುತ್ತಿದ್ದರು.
ಮೆಟ್ಟಿಲ ಮೇಲೆ ಚಪ್ಪಲಿ, ಮಗು, ಮಲ್ಲಿಗೆ, ಬೈಗುಳ;
ಜನ ವಾಪಸು ಬಂದು ಕೂತಾಗ
ಮುಯ್ಯಿ ಕವರುಗಳ ಚೀಲ ಇರಲಿಲ್ಲ.
ದಾಸರಹಳ್ಳಿಯಲ್ಲಿ ಅಂಥ ಬಳಗವೂ ಇರಲಿಲ್ಲ.

"ಬರೆದಿತ್ತು, ಓದ್ದೆ" ಅಂದರು ಮಾವ, ಚೀಟಿ ತಿರುಗಿಸಿ ನೋಡುತ್ತ.
"ಓದಿದ್ದಲ್ಲ ರೀ, ಹೇಳಿದ್ದು" ಅಂದಳು ಅತ್ತೆ.
"ನಿಮ್ಮ ದನೀಲಿ ಹೇಳಿದ್ರೆ ಏಳದೆ ಇರ್ತಾರಾ?"

ಹದಿನೇಳು ವರ್ಷ ಆಯಿತು.
ಈಗ ಅಂಥ ಚೀಟಿ ಬರೆಯುವುದಕ್ಕೇ ನನಗೆ ಸಂಬಳ.

ಮೊನ್ನೆ ರಾತ್ರಿ ಬನ್ನೇರುಘಟ್ಟ ರಸ್ತೆಯ ಒಂದು ಆಸ್ಪತ್ರೆಯ
ಟೋಕನ್ ಬೋರ್ಡಿನ ಕೆಲಸ, ತೆರೆಯುವ ಮೊದಲಿನ ಪರೀಕ್ಷೆ.
ಖಾಲಿ ಡಬ್ಬಿ ಕೇಳಿತು: ಹೆಸರು?
ಒಂದನೇ ಕ್ಲಾಸಿನಲ್ಲಿ ಫಿಲೋಮಿನಾ ಟೀಚರ್ ಹಲಗೆಯ ಮೇಲೆ ಬರೆದಿದ್ದ
ಮೊಸಳೆ ಬಾಯಿ,
ದೊಡ್ಡ ಅಂಕಿ ಕಂಡ ಕಡೆಗೆ ತೆರೆದುಕೊಳ್ಳುವುದು,
ಅದನ್ನು ತೆರೆದಿಟ್ಟೆ.
ಒಳಗೆ ಒಂದೇ ಒಂದು ಸಣ್ಣ ಅಪ್ಪಣೆ.
ಇನ್ನೊಂದು ಮೊಸಳೆಯಿಂದ ಮುಚ್ಚಿದೆ.

ನೂರಾ ನಾಲ್ಕನೇ ಟೋಕನ್. ಹೆಸರಿನ ಜಾಗ ಬರಿದು.
ಬೋರ್ಡಿನ ನಡುಮಧ್ಯೆ ಬಿಳಿಯ ಚೌಕ ಎದ್ದಿತು,
ಅದರಲ್ಲಿ: 1.
ಅಷ್ಟೇ.
ಒಂದರ ಬದಲು ಬೇರೆ ಏನಾದರೂ ಬರೆಯಬಹುದಿತ್ತು.
ಕೌಂಟರಿನವಳು ಬೆಳಿಗ್ಗೆ ಒಮ್ಮೆ ಒಳಬಂದರೆ
ಸಂಜೆಯ ತನಕ ಅವಳ ಕೊರಳಲ್ಲಿ ಕಾಣದೆ ತೂಗುವ ಬಿಲ್ಲೆಯನ್ನು
ಇತ್ತ ತಾ, ಅನ್ನಬಹುದಿತ್ತು.
ಬೋರ್ಡು ತಂದುಕೊಡುತ್ತಿತ್ತು,
ಆಸ್ಪತ್ರೆಯದೇ ದನಿಯಲ್ಲಿ ಕೇಳಿ.

ಕೋಡ್ ಬರೆದ ಇಮ್ತಿಯಾಜ್ ಫೋನಿನಲ್ಲಿ ನಕ್ಕ:
"ಹಂಗೆ ಯಾರು ಹೆಸರಿಡ್ತಾರೆ ಮೇಡಂ ಮಕ್ಕಳಿಗೆ?"
ಮುಯ್ಯಿ ಚೀಲದ ಕತೆ ಹೇಳಿದೆ.
ಆಮೇಲೆ ಬರೀ ಫ್ಯಾನಿನ ಸದ್ದು ಕೇಳಿಸಿತು.

ಮೊದಲು ಅವನು ಕಂಡ ಚಿಹ್ನೆಗಳನ್ನೆಲ್ಲ ಕಡಿದುಹಾಕಿದ.
ಫಿಲೋಮಿನಾ ಡಿ'ಸೋಜ ಅಂತ ಕೊಟ್ಟು ನೋಡಿದೆ:
ಮೂಗುಬೊಟ್ಟಿನಂಥ ಆ ಚುಕ್ಕೆಗೆ ಹೆದರಿ
ಟೀಚರಿಗೆ ಟೋಕನ್ನೇ ಕೊಡಲಿಲ್ಲ ಯಂತ್ರ.
"ಕೊಲ್ಲಬೇಡ ಮಾರಾಯ" ಅಂದೆ,
"ಮೊಸಳೆಯ ಚಿತ್ರ ಬರಿ ಸಾಕು. ಚಿತ್ರ ಕಚ್ಚಲ್ಲ."

ಮಾವ ಮುಯ್ಯಿ ಓದುವುದನ್ನು ಬಿಡಲಿಲ್ಲ ಆ ಮದುವೆಯ ನಂತರವೂ.
ಮೈಕು ಕಂಡರೆ ಬಿಡುವ ಜೀವವಲ್ಲ.
ಆದರೆ ಪ್ರತಿ ಚೀಟಿಯ ಬಾಲಕ್ಕೊಂದು ಗಂಟು ಹಾಕತೊಡಗಿದರು:
ಕೆಂಪಯ್ಯನವರಿಂದ ನೂರಾ ಒಂದಂತೆ.
ಕೊಳಗವಂತೆ, ಮುಚ್ಚಳವೂ ಇದೆಯಂತೆ.
ಹುಡುಗರು ಹಿಂದಿನ ಸಾಲಿನಲ್ಲಿ ಅಂತೆಕಂತೆ ಅಂತ ಕಿಸಕ್ಕೆಂದರೂ
ಬಿಡಲಿಲ್ಲ.
ಸುಂಕದಕಟ್ಟೆಯಲ್ಲಿ ಒಮ್ಮೆ ಯಾರೋ ಕುಚೋದ್ಯಕ್ಕೆ ಬರೆದುಕೊಟ್ಟರು.
"ಎಲ್ಲರೂ ಊಟಕ್ಕೆ ಏಳಬೇಕಂತೆ" ಎಂದು ಓದಿ
ಮುಂದಿನ ಚೀಟಿ ಬಿಡಿಸಿದರು.
ಒಂದು ಕುರ್ಚಿಯೂ ಅಲುಗಲಿಲ್ಲ.

ನಾಲ್ಕೂವರೆಗೆ ಇಮ್ತಿಯಾಜ್ ಕರೆದ, ಈಗ ನೋಡಿ.
ಬೋರ್ಡಿನ ಮೇಲೆ ನನ್ನ ಚೀಟಿ ಇಡಿಯಾಗಿ ಬಂತು,
ಅಕ್ಷರಕ್ಕೆ ಅಕ್ಷರ,
ಬಾಯಿ ತೆರೆದ ಮೊಸಳೆ, ಹೊಟ್ಟೆಯಲ್ಲಿ ಅಪ್ಪಣೆ.
ನಾನೂ ಅವನೂ ಫೋನು ಹಿಡಿದುಕೊಂಡೇ ಕಾದೆವು.
ಏನೂ ಆಗಲಿಲ್ಲ.

ಏನೂ ಆಗದಿದ್ದುದಕ್ಕೆ
ಸೋಮವಾರ ಬಿಲ್ಲು ಕಳಿಸಿದೆ.